ಎಡಗೈಯಲ್ಲಿ ಸಸಿ

ಮಸ್ವಿಂಗೊದಿಂದ ಈಚೆ, ಬಂಡೆಯ ಮೇಲೆ ಬಂಡೆ
ಬೀಳದೆ ಕೂತಿರುವ ಸೀಮೆಯಲ್ಲಿ
ನಮ್ಮ ಸಭೆಗೆ ಚಾವಣಿಯಿಲ್ಲ, ಗಂಟೆಯಿಲ್ಲ.
ಒಂದು ಕಾಲಕ್ಕೆ ನೆರಳಿತ್ತು.
ಈಗ ನೆರಳಿದ್ದ ಜಾಗವನ್ನೇ ಚರ್ಚು ಅನ್ನುತ್ತೇವೆ.

ಡಿಸೆಂಬರಿನ ಮೊದಲ ಮಳೆ ಬಿದ್ದ ಮೇಲಿನ ಭಾನುವಾರ.
ಹಸಿರು ನಿಲುವಂಗಿ, ಬಿಳಿ ನಡುಪಟ್ಟಿ,
ಸೋರೆಬುರುಡೆಯ ಗಿಲಕಿ, ಎರಡು ಡೋಲು.
ಪ್ರಭುವಿನ ರೊಟ್ಟಿ ಮುಟ್ಟುವ ಮುಂಚೆ
ಈ ವರ್ಷ ಮಣ್ಣಿಗೆ ಏನು ಮಾಡಿದೆ ಎಂದು
ಎಲ್ಲರ ಕಿವಿಗೂ ಬೀಳುವಂತೆ ಹೇಳಬೇಕು.
ಹಾದರ, ಕುಡಿತ, ಸುಳ್ಳು –
ಅವಕ್ಕೆ ಬೇರೆ ದಿನಗಳಿವೆ.

ಮುದುಕ ಎನೋಕ,
"ಕಪ್ಪೆಗಳಿದ್ದ ಜೌಗು ಬಸಿದು ಕೋಸು ಹಾಕಿದೆ" ಅಂದ.
ಅವನ ಸೊಸೆ, "ಇಟ್ಟಿಗೆ ಸುಟ್ಟೆವು.
ಮೂರು ಕೋಣೆಗೆ ಹನ್ನೊಂದು ಮರ."
ಜನ ಆಮೆನ್ ಅನ್ನಲಿಲ್ಲ, ಬೆರಳು ಮಡಿಚಿ
ಲೆಕ್ಕ ಹಾಕಿದರು.

ನನ್ನ ಸರದಿ.
ನನ್ನ ಹೆಸರು ಮಾಯಿದೇಯಿ. ಅಂದರೆ
'ನಿಮಗೇನು ಬೇಕಿತ್ತು?' –
ಗಂಡುಮಗು ಬೇಡಿದ್ದ ಅಜ್ಜಿಗೆ ಅಮ್ಮ ಕೊಟ್ಟ ಮಾರುತ್ತರ
ನಲವತ್ತು ವರ್ಷದಿಂದ ನನ್ನನ್ನು ಕೂಗುತ್ತಿದೆ.
ಅಂದು ಅದು ನನ್ನತ್ತಲೇ ತಿರುಗಿತು:
ಒರತೆಯ ಬದಿಯ ಅತ್ತಿಮರದಿಂದ ನಿನಗೇನು ಬೇಕಿತ್ತು?

ಹೇಳಿದೆ. ಕವಲೊಡೆದ ಕಾಂಡ ಬೇಕಿತ್ತು,
ಎತ್ತಿಗೆ ಕಟ್ಟಿ ನೀರಿನ ಪೀಪಾಯಿ ಎಳೆಯಲು.
ಗಾಲಿಗೆ ದುಡ್ಡಿರಲಿಲ್ಲ.
ಗಾಲಿಯಿಲ್ಲದ ಬಂಡಿ ಹೋದ ದಾರಿ
ಮೊದಲು ಗೀರಾಯಿತು, ಆಮೇಲೆ ಕಾಲುವೆ,
ಮೂರನೆಯ ಮಳೆಗೆ ನನ್ನದೇ ಕರು
ಅದರಲ್ಲಿ ಕಾಲು ಮುರಿದುಕೊಂಡಿತು.
ನೀರು ತರಲೆಂದು ಕಡಿದ ಮರ;
ಮರದ ಹಿಂದೆಯೇ ಒರತೆಯೂ ಹೊರಟುಹೋಯಿತು.
"ಪೀಪಾಯಿ ಇನ್ನೂ ಇದೆ," ಅಂದೆ,
"ಅದರಲ್ಲಿ ಕೋಳಿ ಕಾವಿಗೆ ಕೂತಿದೆ."

ಯಾರೋ ನಕ್ಕರು. ನಾನೂ ನಕ್ಕೆ.
ಆಮೇಲೆ ಗಂಟಲು ಕಟ್ಟಿತು.

ಇನ್ನೂ ಒಂದಿತ್ತು.
"ಹೋದ ವರ್ಷ ಇದೇ ಕೈಗೆ ಕೊಟ್ಟ ಸಸಿ ಸತ್ತಿತು.
ಪಾತ್ರೆ ತೊಳೆದ ನೀರು ಹಾಕಿದ್ದೆ, ಮುಳ್ಳು ಹೊದಿಸಿದ್ದೆ.
ಮೇಕೆ ತಿಂದಿತು."

"ಯಾರ ಮೇಕೆ?" ಕೇಳಿದಳು
ಪ್ರವಾದಿನಿ ಎಸ್ನಾತಿ, ಕೋಲೂರಿ ಮುಂದೆ ಬಾಗಿ.
ನಾನು ನನ್ನ ಕಾಲ್ಬೆರಳು ನೋಡಿದೆ.
ಡೋಲಿನ ಹುಡುಗ ಕೈ ತಡೆದ.
ಊರಿಗೆಲ್ಲ ಗೊತ್ತು,
ಒಂದು ಕೊಂಬು ಮುರಿದ ಆ ಮಾಸಲು ಮೇಕೆ
ಯಾರ ಅಂಗಳದಲ್ಲಿ ಮಲಗುತ್ತದೆಂದು.

ಬಿಷಪ್ ಮುಚೆಂಜೆ ಬಟ್ಟಲನ್ನು ಮೇಜಿನ ಮೇಲಿಟ್ಟರು.
ಟೋಪಿ ತೆಗೆದು ಪಕ್ಕದಲ್ಲಿಟ್ಟರು.
ಮೇಜು ಬಳಸಿಕೊಂಡು ಬಂದು, ನಮ್ಮನ್ನೆಲ್ಲ ದಾಟಿ,
ಸಾಲಿನ ತುದಿಗೆ ಹೋಗಿ ನಿಂತರು,
ಶೀತವಾದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹುಡುಗಿಯ ಹಿಂದೆ.
ಅಷ್ಟು ಹೊತ್ತೂ ನೊಣ ಕೂರದ ಹಾಗೆ
ಎಸ್ನಾತಿ ಬಟ್ಟಲಿಗೆ ಅಂಗೈ ಮುಚ್ಚಿ ನಿಂತಳು.
ಬಿಸಿಲೇರಿತು. ಮಗು ಎರಡು ಸಲ ಸೀನಿತು.

ಸರದಿ ಬಂದಾಗ ಅವರು ಅಂದದ್ದು:
"ಹಗ್ಗ ಇತ್ತು. ಕಟ್ಟಲಿಲ್ಲ."
ಇಷ್ಟೇ.
ಉದ್ದುದ್ದ ಪ್ರಸಂಗ ಮಾಡಿದ್ದಾರೆ ಅವರು, ಎಷ್ಟೋ ವರ್ಷ,
ಒಂದೂ ನೆನಪಿಲ್ಲ ನನಗೆ.

ಬಲಗೈಗೆ ರೊಟ್ಟಿ ಬಂತು. ಎಡಗೈಗೆ ಸಸಿ,
ಹಾಲಿನ ಪ್ಯಾಕೆಟ್ಟಿನಲ್ಲಿ ಬೆಳೆಸಿದ್ದು,
ತಳ ಒಡೆದು ಬೇರು ಹೊರಗೆ ಇಣುಕಿತ್ತು.
ಎರಡೂ ಕೈ ತುಂಬಿದ್ದರಿಂದ
ಕಣ್ಣೊರೆಸಿಕೊಳ್ಳಲು ಆಗಲಿಲ್ಲ.

ನನ್ನ ಬಂಡಿ ತೋಡಿದ ಕೊರಕಲಿನ ದಂಡೆಗೇ ನಡೆದೆವು.
ಗುಂಡಿ ತೋಡಿದವರು ಬಿಷಪ್ಪರು,
ಮುಳ್ಳು ಕಡಿದು ತಂದವನು ಎನೋಕ.
ನೆಟ್ಟ ಮೇಲೆ ಸಸಿಯ ಜೊತೆ ಮಾತಾಡುವುದು ನಮ್ಮ ವಾಡಿಕೆ.
ಉಳಿದವರು ಏನೇನೋ ಹರಸಿದರು.
ನನಗೆ ಏನೂ ತೋಚದೆ ಹೆಸರು ಹೇಳಿದೆ,
ಹೊಸಬರ ಮುಂದೆ ಹೇಳುವ ಹಾಗೆ: ಮಾಯಿದೇಯಿ.
ಅದಕ್ಕೆ ಅದು ಪ್ರಶ್ನೆಯಾಗಿ ಕೇಳಿಸಿರಬೇಕು.
ಎರಡು ಎಲೆ ಅಲುಗಿದವು. ಗಾಳಿಯೂ ಇತ್ತು.

ಸಂಜೆ ಬಿಷಪ್ಪರ ಅಂಗಳದಿಂದ ಮೇಕೆ ಕೂಗಿತು.
ಕಟ್ಟಿದ ಮೇಕೆಯ ಕೂಗೇ ಬೇರೆ.
ಊರು ಅದನ್ನು ಕೇಳುತ್ತಾ ಊಟ ಮಾಡಿತು.